ಕಾಲು ನೋಡಿ ಏಟು

ಉತ್ತರಹಳ್ಳಿ ಮುಖ್ಯರಸ್ತೆಯಲ್ಲಿ ಗಣೇಶನನ್ನು ಬಿಡಲು ಹೊರಟ ಮೆರವಣಿಗೆಗೆ ಎರಡು ಸಂಗೀತ. ಟ್ರ್ಯಾಕ್ಟರಿನ ಮುಂದೆ ಆರೆಂಟು ಜನರ ತಮಟೆ ತಂಡ. ಹಿಂದೆ ಟಾಟಾ ಏಸ್ ಮೇಲೆ ಜನರೇಟರು, ಆಳೆತ್ತರದ ಸ್ಪೀಕರು, ಲ್ಯಾಪ್‌ಟಾಪಿನ ಮುಂದೆ ಡಿಜೆ. ಸುಬ್ರಹ್ಮಣ್ಯಪುರದ ಕಡೆಯಿಂದ ಬರಲಿ, ಅರೇಹಳ್ಳಿ, ಚಿಕ್ಕಲ್ಲಸಂದ್ರದ ಕಡೆಯಿಂದ ಬರಲಿ, ಸಾಲಿನ ಕ್ರಮ ಹೆಚ್ಚುಕಡಿಮೆ ಇದೇ. ಸದ್ದಿನ ಲೆಕ್ಕಕ್ಕೆ ಬಂದರೆ ಆ ಸ್ಪೀಕರಿನ ಎದುರು ತಮಟೆ ಏನೇನೂ ಅಲ್ಲ. ಆದರೂ ಟಪ್ಪಾಂಗುಚ್ಚಿ ಕುಣಿಯುವವರು ಎಲ್ಲಿದ್ದಾರೆಂದು ನೋಡಿ. ಹಿಂದಿನವರು ಒಂದು ಕೈ ಮೇಲೆತ್ತಿ, ಇನ್ನೊಂದರಲ್ಲಿ ಮೊಬೈಲು ಹಿಡಿದು ನಿಂತಲ್ಲೇ ತೂಗುತ್ತಿರುತ್ತಾರೆ. ಪ್ಯಾಂಟು ಮಡಚಿ, ಕರ್ಚೀಫು ಹಲ್ಲಿಗೆ ಕಚ್ಚಿ, ಮಂಡಿ ಬಗ್ಗಿಸಿ ನೆಲ ಮುಟ್ಟಿ ಎದ್ದು ನಿಜವಾಗಿ ಬೆವರು ಸುರಿಸುವವರೆಲ್ಲ ಮುಂದೆ, ತಮಟೆಯವರು ಕಟ್ಟಿದ ವೃತ್ತದೊಳಗೆ.

ಯಾವ ಸಂಗೀತ ಇಡಬೇಕು ಎಂಬ ಪ್ರಶ್ನೆ ನಮ್ಮ ಕಡೆ ವರ್ಷಕ್ಕೆ ನಾಲ್ಕಾರು ಸಲವಾದರೂ ಏಳುತ್ತದೆ. ಗಣೇಶನಿಗೆ ಒಮ್ಮೆ, ಮೆಜೆಸ್ಟಿಕ್ಕಿನಿಂದ ಅಣ್ಣಮ್ಮನನ್ನು ಬೀದಿಗೆ ಕರೆತಂದು ಕೂರಿಸಿದಾಗ ಒಮ್ಮೆ, ರಾಜ್ಯೋತ್ಸವಕ್ಕೆ ಒಮ್ಮೆ, ಊರಹಬ್ಬಕ್ಕೆ ಒಮ್ಮೆ. ‘ಈ ಸಲ ತಮಟೆನಾ, ಡಿಜೆನಾ, ಇಲ್ಲ ನಾಸಿಕ್ ಡೋಲಾ?’ ಎಂದು ಗೆಳೆಯರ ಬಳಗದ ಹುಡುಗರು ಕೂತು ಚರ್ಚಿಸುತ್ತಾರೆ. ಚರ್ಚೆ ಸಾಮಾನ್ಯವಾಗಿ ದುಡ್ಡಿನ ಮೇಲೆ ಶುರುವಾಗಿ ದುಡ್ಡಿನ ಮೇಲೇ ಮುಗಿಯುತ್ತದೆ. ಅದರಲ್ಲಿ ವಿಜ್ಞಾನಕ್ಕೂ ಎರಡು ಮಾತು ಆಡುವುದಿದೆ. ಕುಣಿತಕ್ಕೆ ಸಂಗೀತ ಹುಡುಕುವವರು ಮೊದಲು ಕೇಳುವುದು ‘ಫಾಸ್ಟ್ ಆಗಿದೆಯಾ’, ಆಮೇಲೆ ‘ಸೌಂಡ್ ಜೋರಾಗಿದೆಯಾ’. ಎರಡೂ ಪ್ರಶ್ನೆ ಸ್ವಲ್ಪ ಅಡ್ಡದಾರಿಯವು ಎಂಬುದು ನನ್ನ ವಾದ. ವೇಗದಿಂದ ಶುರುಮಾಡೋಣ, ಅದಕ್ಕೆ ಹೈಸ್ಕೂಲಿನ ಭೌತಶಾಸ್ತ್ರವೇ ಸಾಕು.

ಮೇಲಕ್ಕೆ ಹಾರಿದವನು ಎಷ್ಟು ಹೊತ್ತು ಗಾಳಿಯಲ್ಲಿರುತ್ತಾನೆ ಎಂಬುದನ್ನು ಅವನ ಉತ್ಸಾಹ ನಿರ್ಧರಿಸುವುದಿಲ್ಲ, ಗುರುತ್ವ ನಿರ್ಧರಿಸುತ್ತದೆ. 10 ಸೆಂಟಿಮೀಟರ್ ಹಾರಿದರೆ ಸೆಕೆಂಡಿನ ಮೂರನೇ ಒಂದಕ್ಕಿಂತ ತುಸು ಕಡಿಮೆ. 30 ಸೆಂಟಿಮೀಟರ್ ಹಾರಿದರೆ ಅರ್ಧ ಸೆಕೆಂಡು. ಕಾಲು ಕೆಳಗೆ ಬಂದಮೇಲೆ ಮಂಡಿ ಬಗ್ಗಿ, ಭಾರ ಹೊತ್ತು, ಮತ್ತೆ ನೆಲವನ್ನು ಒದೆಯಲು ಸ್ವಲ್ಪ ಸಮಯ ಬೇಕು, ಲೆಕ್ಕಕ್ಕೆ 0.2 ಸೆಕೆಂಡು ಎಂದಿಟ್ಟುಕೊಳ್ಳಿ. ಈಗ ಪ್ರತಿ ಬಡಿತಕ್ಕೆ ಒಂದು ನೆಗೆತ ಹಾಕಬೇಕು. ಸಂಗೀತ ನಿಮಿಷಕ್ಕೆ 100 ಬಡಿತದ್ದಾದರೆ ಎರಡು ಬಡಿತಗಳ ನಡುವೆ 0.6 ಸೆಕೆಂಡು. ಅದರಲ್ಲಿ ನೆಲದ ಪಾಲು ಕಳೆದು 0.4 ಉಳಿಯಿತು, ಅಷ್ಟರಲ್ಲಿ ಸುಮಾರು 20 ಸೆಂಟಿಮೀಟರ್ ಹಾರಬಹುದು. 120 ಬಡಿತಕ್ಕೆ ಏರಿಸಿದರೆ ನೆಗೆತ 11 ಸೆಂಟಿಮೀಟರಿಗೆ ಇಳಿಯಿತು. ಡಿಜೆ ಉಮೇದಿಯಲ್ಲಿ 180ಕ್ಕೆ ಎಳೆದರೆ? ಬರೀ 2 ಸೆಂಟಿಮೀಟರ್. ಚಪ್ಪಲಿಯ ಅಟ್ಟೆಯಷ್ಟು.

ಅಂದರೆ ವೇಗ ಏರಿದಂತೆ ಕುಣಿತ ದೊಡ್ಡದಾಗುವುದಿಲ್ಲ, ಕುಗ್ಗುತ್ತದೆ. ಸಮಯದ ವರ್ಗಕ್ಕೆ ತಕ್ಕಂತೆ ಎತ್ತರ ಬದಲಾಗುವುದರಿಂದ ಕುಗ್ಗುವುದೂ ಬೇಗ. ಹಾಡು ಓಡುತ್ತಿದ್ದ ಹಾಗೆ ಜನ ಒಂದೋ ಎರಡು ಬಡಿತಕ್ಕೊಂದು ಹೆಜ್ಜೆ ಹಾಕಿ ತಮ್ಮಷ್ಟಕ್ಕೆ ವೇಗವನ್ನು ಅರ್ಧ ಮಾಡಿಕೊಳ್ಳುತ್ತಾರೆ, ಇಲ್ಲವೇ ಕಾಲು ಬಿಟ್ಟು ಕೈಗೆ ಬರುತ್ತಾರೆ. ಹಿಂದಿನ ಗಾಡಿಯ ಸುತ್ತ ಎಲ್ಲರೂ ಕೈ ಬೀಸುತ್ತ ನಿಂತಿರುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ.

ಬೇರೆ ಊರಿನ ಬೀದಿಕುಣಿತಗಳೂ ಇದೇ ಲೆಕ್ಕವನ್ನು ಒಪ್ಪಿಕೊಂಡಿವೆ. ಲಾಸ್ ಏಂಜಲೀಸಿನ ದಕ್ಷಿಣ ಭಾಗದ ಬಡ ಬೀದಿಗಳಲ್ಲಿ 2000ದ ಆಸುಪಾಸಿನಲ್ಲಿ ಹುಟ್ಟಿದ ಕ್ರಂಪ್ ಎಂಬ ಕುಣಿತ ನೋಡಿದರೆ ಜಗಳವೇ ನಡೆಯುತ್ತಿದೆ ಎನ್ನಿಸಬೇಕು: ನೆಲಕ್ಕೆ ಕಾಲು ಅಪ್ಪಳಿಸುವುದು, ಎದೆ ಚಿಮ್ಮಿಸುವುದು, ತೋಳು ಎಸೆಯುವುದು. 2005ರ ‘ರೈಸ್’ ಸಾಕ್ಷ್ಯಚಿತ್ರ ಅದನ್ನು ಜಗತ್ತಿಗೆ ತೋರಿಸಿತು. ಅಷ್ಟು ರಭಸದ ಕುಣಿತಕ್ಕೆ ಅವರು ಆರಿಸುವುದು ಓಡುವ ಹಾಡನ್ನಲ್ಲ. ಭಾರವಾದ, ಬಡಿತಗಳ ನಡುವೆ ಜಾಗ ಬಿಟ್ಟ ಹಿಪ್-ಹಾಪ್ ಅನ್ನು. ಎದೆ ಚಿಮ್ಮಿಸಿ ವಾಪಸ್ಸು ತರಲು ಹೊತ್ತು ಬೇಕಲ್ಲ. ಅದೇ ಶಿಕಾಗೋದ ‘ಫುಟ್‌ವರ್ಕ್’ ಕುಣಿತದ ಸಂಗೀತ ನಿಮಿಷಕ್ಕೆ 160ರ ಸುತ್ತ ಓಡುತ್ತದೆ. ಅಲ್ಲಿ ನೆಗೆತ ಅಪರೂಪ. ಪಾದಗಳು ನೆಲದ ಆಸುಪಾಸಿನಲ್ಲೇ ಸರಸರ ಸರಿಯುತ್ತವೆ. ಜೆ.ಪಿ. ನಗರ, ಬನಶಂಕರಿಯ ಮಹಡಿ ಮೇಲಿನ ಡ್ಯಾನ್ಸ್ ಕ್ಲಾಸುಗಳಲ್ಲಿ ಹಿಪ್-ಹಾಪ್ ಕಲಿಯುವ ಮಕ್ಕಳು ಹಾಡು ಹುಡುಕುವಾಗ ಇದನ್ನೊಂದು ನೆನಪಿಟ್ಟುಕೊಂಡರೆ ಸಾಕು: ಹೆಜ್ಜೆ ದೊಡ್ಡದಿದ್ದರೆ ಹಾಡು ನಿಧಾನದ್ದಿರಲಿ.

ಹಾಗಾದರೆ ದೇಹ ತಾನಾಗಿ ಇಷ್ಟಪಡುವ ವೇಗ ಯಾವುದು? 2005ರಲ್ಲಿ ಮ್ಯಾಕ್‌ಡೂಗಲ್ ಮತ್ತು ಮೂರ್ ಎಂಬ ಸಂಶೋಧಕರು ಜನರ ತಲೆಗೆ ಚಲನೆ ಅಳೆಯುವ ಸಾಧನ ಕಟ್ಟಿ ದಿನವಿಡೀ ಅವರವರ ಕೆಲಸಕ್ಕೆ ಬಿಟ್ಟರು. ಎತ್ತರ, ತೂಕ, ವಯಸ್ಸು, ಗಂಡು-ಹೆಣ್ಣು ಯಾವ ಭೇದವೂ ಇಲ್ಲದೆ ಎಲ್ಲರ ನಡಿಗೆಯೂ ಸೆಕೆಂಡಿಗೆ 2 ಹೆಜ್ಜೆಯ ಹತ್ತಿರ ಬಂದು ನಿಂತಿತು. ನಿಮಿಷಕ್ಕೆ 120. ಜೊತೆಗೆ ಅವರು 74 ಸಾವಿರಕ್ಕೂ ಹೆಚ್ಚು ಹಾಡುಗಳ ವೇಗವನ್ನು ಎಣಿಸಿದ ಪಟ್ಟಿಯೊಂದನ್ನು ನೋಡಿದರೆ, ಅಲ್ಲೂ 120ರಲ್ಲೇ ಗೋಪುರ ಎದ್ದಿತ್ತು. ಹಾಡು ಕಟ್ಟುವವರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಉತ್ತರಹಳ್ಳಿಯಿಂದ ಬನಶಂಕರಿ ದೇವಸ್ಥಾನದ ಕಡೆಗೆ ಟ್ರಾಫಿಕ್ಕಿನಲ್ಲಿ ಬಸ್ಸಿಗಿಂತ ನಡೆದೇ ಬೇಗ ಹೋಗುತ್ತೇನೆಂದು ಹೊರಟವರ ಕಾಲು ಹಾಕುವ ತಾಳವೂ ಅದೇ.

ನೆಗೆತಕ್ಕೆ ಬೇಕಾದ ಬಿಡುವು, ಕಾಲಿಗೆ ಒಗ್ಗುವ ವೇಗ, ತಮಟೆಯ ಏಟು ಈ ಎರಡರ ಲೆಕ್ಕವನ್ನು ಹೇಗೆ ಇಟ್ಟುಕೊಂಡಿದೆ ನೋಡಿ. ಟಪ್ಪಾಂಗುಚ್ಚಿಯ ಏಟು ಬಹುಮಟ್ಟಿಗೆ ಆರರದ್ದು. ಒಂದು ಸುತ್ತಿಗೆ ಆರು ಸಣ್ಣ ಪೆಟ್ಟು. ಮೂರು ಮೂರಾಗಿ ಎರಡು ಕಟ್ಟು. ಒಂದೊಂದು ಕಟ್ಟಿಗೆ ಒಂದೊಂದು ಹೆಜ್ಜೆ. ಕಾಲು ಸೆಕೆಂಡಿಗೆ 2 ಸಲ ನೆಲ ಮುಟ್ಟುತ್ತಿದ್ದರೆ ಚರ್ಮದ ಮೇಲೆ ಸೆಕೆಂಡಿಗೆ 6 ಪೆಟ್ಟು ಬೀಳುತ್ತಿರುತ್ತವೆ. ಒಂದು ಕೈಯ ಮಣಿಕಟ್ಟು ಸೆಕೆಂಡಿಗೆ ಐದರಿಂದ ಏಳು ಸಲ ಬಡಿಯುವಷ್ಟರಲ್ಲಿ ಸುಸ್ತು. ಅದಕ್ಕೇ ಕೆಲಸವನ್ನು ಎರಡು ಕೈಗೆ ಹಂಚಿದ್ದಾರೆ. ಒಂದರಲ್ಲಿ ದಪ್ಪ, ಗಿಡ್ಡ ಕೋಲು. ಇನ್ನೊಂದರಲ್ಲಿ ತೆಳ್ಳನೆಯ ಉದ್ದ ಕಡ್ಡಿ. ಕಿವಿಗೆ ಕೇಳುವ ವೇಗ ಬೇರೆ, ಕಾಲಿಗೆ ಬೇಕಾದ ವೇಗ ಬೇರೆ ಎಂಬುದು ಇದರ ಗುಟ್ಟು. ಕೇಳುವವನಿಗೆ ಪೆಟ್ಟಿನ ಸುರಿಮಳೆ, ಕುಣಿಯುವವನಿಗೆ ಮಾತ್ರ ನೆಗೆಯುವಷ್ಟು ಬಿಡುವು. ‘ಫಾಸ್ಟ್’ ಬೇಕೆನ್ನುವ ಹುಡುಗರು ನಿಜವಾಗಿ ಕೇಳುತ್ತಿರುವುದು ಈ ಸುರಿಮಳೆಯನ್ನು. ಹಾಡಿನ ವೇಗವನ್ನೇ ಏರಿಸಿಬಿಟ್ಟರೆ ಎರಡೂ ಒಟ್ಟಿಗೆ ಏರಿ ಕಾಲು ಸೋಲುತ್ತದೆ.

ಆರಕ್ಕೆ ಇನ್ನೊಂದು ಚಮತ್ಕಾರವಿದೆ. ಮೂರು ಮೂರಾಗಿ ಎರಡು ಕಟ್ಟಿದರೂ ಆರೇ, ಎರಡೆರಡಾಗಿ ಮೂರು ಕಟ್ಟಿದರೂ ಆರೇ. ಅದೇ ಪೆಟ್ಟುಗಳನ್ನು ಕಾಲು ಎರಡಾಗಿ ಎಣಿಸುತ್ತಿರುವಾಗ ಭುಜ ಮೂರಾಗಿ ಎಣಿಸಬಹುದು. ಒಳ್ಳೆಯ ಟಪ್ಪಾಂಗುಚ್ಚಿಯಲ್ಲಿ ಹೆಗಲು, ಸೊಂಟ, ಪಾದ ಮೂರೂ ಬೇರೆ ಬೇರೆ ಮನುಷ್ಯರವು ಎನ್ನಿಸುವುದು ಇದರಿಂದ. ಯಾವ ಕಟ್ಟು ಕೇಳಿಸುತ್ತದೆ ಎಂಬುದನ್ನು ಕಿವಿಯೊಂದೇ ತೀರ್ಮಾನಿಸುವುದಿಲ್ಲ ಎಂದು ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಲಾರೆಲ್ ಟ್ರೇನರ್ ಮತ್ತು ಜೆಸಿಕಾ ಫಿಲಿಪ್ಸ್-ಸಿಲ್ವರ್ 2005ರಲ್ಲಿ ಚೆಂದದ ಪ್ರಯೋಗವೊಂದರಲ್ಲಿ ತೋರಿಸಿದರು. ಎಲ್ಲೂ ಒತ್ತಿಲ್ಲದ ಆರು ಎಣಿಕೆಯ ಬಡಿತವನ್ನು ಏಳು ತಿಂಗಳ ಕೂಸುಗಳಿಗೆ ಕೇಳಿಸಿದರು. ಕೆಲವು ಕೂಸುಗಳನ್ನು ಎರಡು ಬಡಿತಕ್ಕೊಮ್ಮೆ ಎತ್ತಿ ಕುಣಿಸಿದರು, ಕೆಲವನ್ನು ಮೂರಕ್ಕೊಮ್ಮೆ. ಆಮೇಲೆ ಒತ್ತು ಸೇರಿಸಿದ ಎರಡೂ ಬಗೆಯನ್ನು ಕೇಳಿಸಿದಾಗ, ತನ್ನನ್ನು ಕುಣಿಸಿದ ಕಟ್ಟನ್ನೇ ಕೂಸು ಹೆಚ್ಚು ಹೊತ್ತು ಆಲಿಸಿತು. ಕೂಸುಗಳ ಕಣ್ಣು ಕಟ್ಟಿ ಕುಣಿಸಿದಾಗಲೂ ಫಲಿತಾಂಶ ಅದೇ. ಕೂಸನ್ನು ಕುಣಿಸದೆ, ಬೇರೆಯವರು ಕುಣಿಯುವುದನ್ನು ಬರೀ ತೋರಿಸಿದರೆ ಮಾತ್ರ ಆಗಲಿಲ್ಲ. ತಮಟೆ ಬಂತೆಂದು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ಗೇಟಿನ ಬಳಿ ಬಂದು, ಏಟಿಗೆ ತಕ್ಕಂತೆ ಎತ್ತಿ ಎತ್ತಿ ಆಡಿಸುವ ನಮ್ಮ ಅಕ್ಕಂದಿರು, ಅಜ್ಜಿಯರು ಆ ಮಗುವಿಗೆ ತಾಳದ ಮೊದಲ ಪಾಠ ಮಾಡುತ್ತಿದ್ದಾರೆ. ಒಳಕಿವಿಯಲ್ಲಿ ದೇಹದ ಸಮತೋಲ ನೋಡಿಕೊಳ್ಳುವ ಅಂಗವೊಂದಿದೆಯಲ್ಲ, ಪಾಠ ಅಲ್ಲಿಂದ ಹೋಗುತ್ತದೆ.

ಇನ್ನು ಏಟಿನ ನಡುವಿನ ಖಾಲಿ ಜಾಗ. ಗಡಿಯಾರದ ಹಾಗೆ ಒಂದೇ ಸಮನೆ ಬಡಿದರೆ ಯಾರೂ ಕುಣಿಯುವುದಿಲ್ಲ. ಬೀಳಬೇಕಾದಲ್ಲಿ ಪೆಟ್ಟು ಬೀಳದೆ, ಬೀಳಬಾರದ ಕಡೆ ತುಸು ಮುಂಚೆಯೇ ಬಿದ್ದರೆ ದೇಹ ಆ ತಪ್ಪಿದ ಜಾಗಕ್ಕೆ ತಾನೇ ಹೆಜ್ಜೆ ತುಂಬುತ್ತದೆ. ಇಂಥ ಜಾರುಪೆಟ್ಟು ಎಷ್ಟಿರಬೇಕು? ಮಾರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಫಂಕ್ ಸಂಗೀತದ ಡ್ರಮ್ಮಿನ ತುಣುಕುಗಳನ್ನು ಜನರಿಗೆ ಕೇಳಿಸಿ, ಕುಣಿಯಬೇಕೆನಿಸುತ್ತದಾ, ಖುಷಿ ಕೊಡುತ್ತದಾ ಎಂದು ಅಂಕ ಹಾಕಿಸಿದರು. ಜಾರುಪೆಟ್ಟು ತೀರ ಕಡಿಮೆ ಇದ್ದಾಗಲೂ ಅಂಕ ಕಡಿಮೆ, ತೀರ ಹೆಚ್ಚಿದ್ದಾಗಲೂ ಕಡಿಮೆ. ನಡುವೆ ಎಲ್ಲೋ ಹೆಚ್ಚು. ಸಾರಿನ ಹುಳಿಯ ಹಾಗೆ. ಮಿದುಳು ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆ ಎಂದು ಸದಾ ಊಹಿಸುತ್ತಿರುತ್ತದೆ. ಊಹೆ ಎಂದೂ ತಪ್ಪದಿದ್ದರೆ ಬೇಸರ, ಎಂದೂ ಸರಿಯಾಗದಿದ್ದರೆ ಗೊಂದಲ. ಜೆಸಿಕಾ ಗ್ರಾನ್ ಮತ್ತು ಮ್ಯಾಥ್ಯೂ ಬ್ರೆಟ್ 2007ರಲ್ಲಿ ಕಂಡುಕೊಂಡಂತೆ, ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗಿ ತಾಳವಿರುವ ಸದ್ದು ಕೇಳುತ್ತಿರುವವರಲ್ಲೂ ಚಲನೆಯನ್ನು ಸಿದ್ಧಪಡಿಸುವ ಮಿದುಳಿನ ಭಾಗಗಳು ಎದ್ದು ಕೂತಿರುತ್ತವೆ. ಕುಣಿಯುವುದಿಲ್ಲ ಎಂದು ಬಿಗಿಯಾಗಿ ಕೈಕಟ್ಟಿ ನಿಂತ ಮನೆ ಯಜಮಾನರ ತಲೆಯೊಳಗೂ ಅಷ್ಟು ಕುಣಿತ ನಡೆದೇ ಇರುತ್ತದೆ.

ಏಟಿನ ಮಾತಾಯಿತು, ಈಗ ತಮಟೆ ಎಂಬ ವಾದ್ಯವನ್ನೇ ಹತ್ತಿರದಿಂದ ನೋಡಬೇಕು. ಒಂದು ಬಳೆ, ಅದರ ಮೇಲೆ ಬಿಗಿದ ಚರ್ಮ, ಅಷ್ಟೆ. ಹಿಂಭಾಗ ಬಯಲು. ಬಾರಿಸುವ ಮುಂಚೆ ರಸ್ತೆಬದಿಯಲ್ಲಿ ಹುಲ್ಲು, ಕಾಗದ ಗುಡ್ಡೆ ಹಾಕಿ ಬೆಂಕಿ ಹಚ್ಚಿ ತಮಟೆ ಕಾಯಿಸುತ್ತಾರೆ. ಚರ್ಮದಲ್ಲಿ ಸೇರಿಕೊಂಡ ತೇವ ಹೋಗಿ ಅದು ಕುಗ್ಗುತ್ತದೆ. ಬಳೆ ಬಿಡುವುದಿಲ್ಲವಾದ್ದರಿಂದ ಬಿಗಿ ಏರುತ್ತದೆ, ಬಿಗಿ ಏರಿದಂತೆ ಸ್ವರ ಏರುತ್ತದೆ. ಸ್ವರ ದುಪ್ಪಟ್ಟಾಗಲು ಬಿಗಿ ನಾಲ್ಕು ಪಟ್ಟಾಗಬೇಕು, ಹಾಗಾಗಿ ಕಾಯಿಸುವುದಕ್ಕೂ ಒಂದು ಮಿತಿ ಇದೆ. ಅತಿಯಾದರೆ ಚರ್ಮ ಹರಿಯುತ್ತದೆ. ಭಾದ್ರಪದದ ಬೆಂಗಳೂರಿನಲ್ಲಿ ಸಂಜೆ ಮಳೆ ಹನಿಯುತ್ತಲೇ ಇರುವುದರಿಂದ ಮೆರವಣಿಗೆಯ ನಡುನಡುವೆಯೂ ಬೆಂಕಿ ಬೇಕು. ಈಚೆಗೆ ಚರ್ಮದ ಬದಲು ಫೈಬರ್ ಹಾಳೆ ಬಿಗಿದ ತಮಟೆಗಳು ಬಂದಿವೆ. ಅವಕ್ಕೆ ಮಳೆಯ ಭಯವಿಲ್ಲ, ಬೆಂಕಿಯ ಹಂಗಿಲ್ಲ. ಸದ್ದು ಮಾತ್ರ ಒಣಕಲು ಎಂಬುದು ನನ್ನ ಕಿವಿಯ ದೂರು.

ಮೃದಂಗ, ತಬಲಾಗಳ ಚರ್ಮದ ಮೇಲಿನ ಕಪ್ಪು ಕರಣೆ ಏಕಿದೆ ಎಂಬುದನ್ನು ಸಿ.ವಿ. ರಾಮನ್ ವಿವರಿಸಿದ್ದರು. 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸಣ್ಣದಾಗಿ, ಬೆಂಗಳೂರಿಗೆ ಬಂದಮೇಲೆ 1934ರಲ್ಲಿ ದೊಡ್ಡದಾಗಿ. ಬರಿಯ ಚರ್ಮವನ್ನು ಬಡಿದರೆ ಹುಟ್ಟುವ ಕಂಪನಗಳು ಒಂದಕ್ಕೊಂದು ಹೊಂದುವುದಿಲ್ಲ; ಮೊದಲನೆಯದು 1 ಆದರೆ ಉಳಿದವು 1.59, 2.14, 2.30 ಹೀಗೆ ಅಡ್ಡಾದಿಡ್ಡಿ. ಕರಣೆಯ ಭಾರ ಅವನ್ನು 1, 2, 3ರ ಸಾಲಿಗೆ ತಂದು ನಿಲ್ಲಿಸುತ್ತದೆ, ಆಗ ವಾದ್ಯಕ್ಕೆ ಶ್ರುತಿ ಬರುತ್ತದೆ. ತಮಟೆಗೆ ಕರಣೆ ಇಲ್ಲ, ಶ್ರುತಿಯೂ ಇಲ್ಲ. ಅದು ಕೊರತೆ ಎಂದು ಸಭಾಂಗಣದಲ್ಲಿ ಕೂತವರಿಗೆ ಅನ್ನಿಸಬಹುದು. ಬೀದಿಯಲ್ಲಿ ಬೇಕಾದದ್ದು ಬೇರೆ. ಪೆಟ್ಟು ಯಾವ ಕ್ಷಣ ಬಿತ್ತು ಎಂಬುದು ವಾಹನಗಳ ಹಾರ್ನ್, ಪಟಾಕಿ, ಕೇಕೆಗಳ ನಡುವೆ ಚಾಕುವಿನಿಂದ ಗೆರೆ ಎಳೆದಷ್ಟು ಸ್ಪಷ್ಟವಾಗಿ ಕೇಳಬೇಕು. ಎಲ್ಲ ಕಂಪನಗಳೂ ಒಮ್ಮೆಗೇ ಸಿಡಿದು ಬೇಗ ಅಡಗುವ ತಮಟೆ ಅದನ್ನು ಮಾಡುತ್ತದೆ. ರಾಮನ್ ಅವರ ಲೇಖನದ ಮೃದಂಗಕ್ಕೆ ವೇದಿಕೆ ಇತ್ತು, ಮರ್ಯಾದೆ ಇತ್ತು. ಊರ ಹೊರಗಿನ ಕೇರಿಯ ತಮಟೆಗೆ ಬಹುಕಾಲ ಸಿಕ್ಕಿದ್ದು ಸಾವಿನ ಸುದ್ದಿ ಸಾರುವ, ಹೆಣದ ಮುಂದೆ ಬಡಿಯುವ ಬಿಟ್ಟಿ ಕೆಲಸ; ಬಾರಿಸಿದ ಕೈಯನ್ನು ದೇವಸ್ಥಾನದೊಳಗೆ ಬಿಡದ ಊರುಗಳು ಅದೇ ಕೈಯ ಏಟಿಲ್ಲದೆ ದೇವರನ್ನು ಹೊರಡಿಸುತ್ತಿರಲಿಲ್ಲ. 2023ರಲ್ಲಿ ಚಿಂತಾಮಣಿ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪ ಅವರಿಗೆ ತಮಟೆ ವಾದನಕ್ಕಾಗಿ ಪದ್ಮಶ್ರೀ ಬಂತು. ತಡವಾಗಿ ಬಂತು ಎನ್ನುವುದು ಸಣ್ಣ ಮಾತಾಯಿತು.

ಡಿಜೆ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ತಮಟೆ ಎಷ್ಟೇ ಕಾಯಲಿ, ಅದಕ್ಕಾಗದ ಒಂದು ಕೆಲಸ ದೊಡ್ಡ ಸ್ಪೀಕರಿಗೆ ಆಗುತ್ತದೆ: ತೀರ ತಗ್ಗಿನ ಸದ್ದು. 2022ರಲ್ಲಿ ಡೇನಿಯಲ್ ಕ್ಯಾಮರಾನ್, ಟ್ರೇನರ್ ಮತ್ತಿತರರು ಒಂದು ಎಲೆಕ್ಟ್ರಾನಿಕ್ ಸಂಗೀತ ಕಛೇರಿಗೆ ಬಂದವರ ತಲೆಗೆ ಚಲನೆ ಅಳೆಯುವ ಪಟ್ಟಿ ಕಟ್ಟಿದರು. ಸಂಗೀತದ ಜೊತೆಗೆ 8ರಿಂದ 37 ಹರ್ಟ್ಸ್‌ನ, ಕಿವಿಗೆ ಕೇಳಿಯೂ ಕೇಳದ ಸದ್ದನ್ನು ಎರಡೂವರೆ ನಿಮಿಷ ಹಾಕುವುದು, ಎರಡೂವರೆ ನಿಮಿಷ ತೆಗೆಯುವುದು. ಹಾಕಿದಾಗ ಜನ ಶೇಕಡ 11.8ರಷ್ಟು ಹೆಚ್ಚು ಅಲುಗಾಡಿದರು. ಯಾವಾಗ ಹಾಕಿದರು, ಯಾವಾಗ ತೆಗೆದರು ಎಂಬುದು ಅವರ ಅರಿವಿಗೇ ಬಂದಿರಲಿಲ್ಲ. ತಗ್ಗಿನ ಸದ್ದು ಎದೆಗೂಡಿಗೆ, ಚರ್ಮಕ್ಕೆ, ಒಳಕಿವಿಯ ಸಮತೋಲದ ಅಂಗಕ್ಕೆ ತಾಕಿ ಚಲನೆಗೆ ಇಂಬು ಕೊಡುತ್ತದೆ ಎಂದು ಅವರ ಊಹೆ. ಟ್ರೇನರ್ ಅವರ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ್ದೇ ಇನ್ನೊಂದು ಅಧ್ಯಯನದ ಪ್ರಕಾರ ಎರಡು ಸ್ವರ ಒಟ್ಟಿಗೆ ಬಂದಾಗ ಕೆಳಗಿನ ಸ್ವರದ ಸಮಯ ತಪ್ಪಿದ್ದನ್ನು ಮಿದುಳು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ತಾಳವನ್ನು ದಪ್ಪ ಸದ್ದಿನ ವಾದ್ಯಕ್ಕೆ ಒಪ್ಪಿಸಿ, ಅಲಂಕಾರವನ್ನು ತೆಳುವಾದದ್ದಕ್ಕೆ ಬಿಡುವ ರೂಢಿ ಜಗತ್ತಿನ ಎಷ್ಟೋ ಕಡೆ ಇರುವುದಕ್ಕೆ ಇದೂ ಕಾರಣವಿದ್ದೀತು.

ಆದರೆ ತಗ್ಗಿನ ಸದ್ದಿಗೆ ಶಿಸ್ತು ಕಡಿಮೆ. 50 ಹರ್ಟ್ಸ್ ಸದ್ದಿನ ಒಂದು ಅಲೆಯ ಉದ್ದ ಸುಮಾರು 7 ಮೀಟರ್, ನಮ್ಮ ಅಡ್ಡರಸ್ತೆಗಳ ಅಗಲಕ್ಕಿಂತ ಹೆಚ್ಚು. ಅದು ಗೋಡೆಯ ಮೂಲೆ ಸುತ್ತಿ, 30×40 ಸೈಟಿನ ಮನೆಗಳ ಸಂದಿಗಳಲ್ಲಿ ನುಗ್ಗಿ, ಎರಡು ಬೀದಿ ಆಚೆಯ ಕಿಟಕಿ ಗಾಜನ್ನೂ ನಡುಗಿಸುತ್ತದೆ. ಹಾಡಿನ ಮಾತು, ರಾಗ ಯಾವುದೂ ಅಲ್ಲಿಗೆ ತಲುಪುವುದಿಲ್ಲ. ಕುಣಿಯದವರಿಗೆ ಸಿಗುವುದು ಬರೀ ಧಂಧಂ.

ಸದ್ದು ಹರಿಯಲು ಹೊತ್ತು ಹಿಡಿಯುತ್ತದೆ ಎಂಬುದೂ ಬೀದಿಯಲ್ಲಿ ಮಾತ್ರ ಅನುಭವಕ್ಕೆ ಬರುವ ಸಂಗತಿ. ಸೆಕೆಂಡಿಗೆ ಸುಮಾರು 345 ಮೀಟರ್ ಎಂದರೆ 86 ಮೀಟರಿಗೆ ಕಾಲು ಸೆಕೆಂಡು. ನಿಮಿಷಕ್ಕೆ 120 ಬಡಿತದ ಹಾಡಿನಲ್ಲಿ ಕಾಲು ಸೆಕೆಂಡು ಎಂದರೆ ಸರಿಯಾಗಿ ಅರ್ಧ ಬಡಿತ. ಗಾಡಿಯ ಪಕ್ಕದವನು ಕೆಳಗೆ ಬಂದಾಗ 86 ಮೀಟರ್ ಮುಂದಿರುವವನು ಮೇಲೆ ಇರುತ್ತಾನೆ! ಇಬ್ಬರೂ ತಾಳ ತಪ್ಪಿಲ್ಲ. ತಾರಸಿಯ ಮೇಲೆ ನಿಂತು ಇಡೀ ಮೆರವಣಿಗೆ ನೋಡುವವರಿಗೆ ಈ ಅಲೆ ಕಾಣುತ್ತದೆ. ತಮಟೆ ತಂಡದ ವೃತ್ತ ಹತ್ತು ಮೀಟರ್ ಕೂಡ ಇರುವುದಿಲ್ಲ. ಒಳಗಿನವರೆಲ್ಲರಿಗೂ ಏಟು ಸೆಕೆಂಡಿನ ನೂರರಲ್ಲಿ ಮೂರು ಭಾಗದೊಳಗೆ ತಲುಪಿ ಆಗಿರುತ್ತದೆ. ಉದ್ದದ ಮೆರವಣಿಗೆಗೆ ಒಂದೇ ದೊಡ್ಡ ಸದ್ದಿಗಿಂತ ನಾಲ್ಕು ಸಣ್ಣ ತಂಡ ಮೇಲು ಎಂದು ನಾನು ಹೇಳುವುದು ಇದಕ್ಕೇ.

ಈಗ ಮುಖ್ಯ ಮಾತಿಗೆ ಬರೋಣ. ತಮಟೆ ಬಾರಿಸುವವರು ಬಾರಿಸುವಾಗ ಏನು ನೋಡುತ್ತಿರುತ್ತಾರೆ? ತಮಟೆಯನ್ನಲ್ಲ. ಎದುರಿಗೆ ಕುಣಿಯುತ್ತಿರುವವನ ಕಾಲನ್ನು, ಮಂಡಿಯನ್ನು, ಮುಖವನ್ನು. ಹುಡುಗ ಸುಸ್ತಾಗುತ್ತಿದ್ದಾನೆಂದು ಕಂಡರೆ ಏಟು ಸಡಿಲವಾಗುತ್ತದೆ. ಹೊಸಬನೊಬ್ಬ ನುಗ್ಗಿ ಬಂದರೆ ಒಂದು ಕ್ಷಣ ಪೂರ್ತಿ ನಿಲ್ಲಿಸಿ, ಅವನು ಗಾಳಿಯಲ್ಲಿರುವಾಗ ಬಿಟ್ಟು, ನೆಲ ಮುಟ್ಟುವಾಗ ಎಲ್ಲ ತಮಟೆಯೂ ಒಟ್ಟಿಗೆ ಬೀಳುತ್ತವೆ. ‘ಅಣ್ಣಾ, ಏಟು ಚೇಂಜ್ ಮಾಡಣ್ಣ’ ಎಂದು ಹುಡುಗರು ಕೂಗುವ ಮುಂಚೆಯೇ ಬದಲಾಗಿರುತ್ತದೆ. ಹೀಗೆ ಇಬ್ಬರೂ ಒಬ್ಬರಿಗೊಬ್ಬರು ಹೊಂದುವುದನ್ನು ಪ್ರಯೋಗಾಲಯದಲ್ಲೂ ಅಳೆದಿದ್ದಾರೆ. ಇವಾನಾ ಕೊನ್ವಲಿಂಕಾ ಮತ್ತು ಸಂಗಡಿಗರು 2010ರಲ್ಲಿ ಇಬ್ಬಿಬ್ಬರನ್ನು ಕೂರಿಸಿ, ಒಬ್ಬರ ಸದ್ದು ಇನ್ನೊಬ್ಬರಿಗೆ ಕೇಳುವಂತೆ ಬೆರಳಲ್ಲಿ ತಾಳ ತಟ್ಟಿಸಿದರು. ಅಲ್ಲಿ ಒಬ್ಬ ನಾಯಕ, ಇನ್ನೊಬ್ಬ ಹಿಂಬಾಲಕ ಎಂದಾಗಲಿಲ್ಲ. ಪ್ರತಿ ತಟ್ಟಿಗೂ ಇಬ್ಬರೂ ಮತ್ತೊಬ್ಬರ ಹಿಂದಿನ ತಟ್ಟಿಗೆ ತಮ್ಮನ್ನು ತಿದ್ದಿಕೊಂಡರು. ಎದುರಿಗೆ ಬದಲಾಗದ ಯಂತ್ರ ಇದ್ದಾಗ ತಿದ್ದಿಕೊಳ್ಳುವ ಕೆಲಸವೆಲ್ಲ ಮನುಷ್ಯನ ಪಾಲಿಗೇ ಬರುತ್ತದೆ. ರೆಕಾರ್ಡಾದ ಹಾಡು ಅಂಥ ಯಂತ್ರ. ಅದು ಯಾರ ಕಾಲನ್ನೂ ನೋಡುವುದಿಲ್ಲ. ಡೊಳ್ಳು ಕುಣಿತದವರು ಈ ಸಮಸ್ಯೆಯನ್ನು ಇನ್ನೂ ಮೂಲದಲ್ಲೇ ಬಿಡಿಸಿಕೊಂಡಿದ್ದಾರೆ: ಬಾರಿಸುವವನೇ ಕುಣಿಯುವವನು.

ಹಾಗೆಂದು ಲ್ಯಾಪ್‌ಟಾಪ್ ಹಿಡಿದವನು ಕುರುಡನಾಗಿರಲೇಬೇಕು ಎಂದಿಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ತಂಗಿ ಏರ್ಪಡಿಸಿದ್ದ ಪಾರ್ಟಿಯಲ್ಲಿ ಹಾಡು ಹಾಕುತ್ತಿದ್ದ ಕೂಲ್ ಹರ್ಕ್ ಎಂಬ ಯುವಕನಿಂದ ಹಿಪ್-ಹಾಪ್ ಹುಟ್ಟಿತು ಎಂದು ಹೇಳುತ್ತಾರೆ. ಆತ ನೋಡಿದ್ದೂ ಕಾಲನ್ನೇ. ಹಾಡಿನ ಯಾವ ಭಾಗ ಬಂದಾಗ ಜನ ಹುಚ್ಚೆದ್ದು ಕುಣಿಯುತ್ತಾರೆ? ಗಾಯಕ ಸುಮ್ಮನಾಗಿ ಬರೀ ಡ್ರಮ್ಮು ಉಳಿಯುವ ಕೆಲವೇ ಸೆಕೆಂಡುಗಳಲ್ಲಿ. ಒಂದೇ ರೆಕಾರ್ಡಿನ ಎರಡು ಪ್ರತಿಗಳನ್ನು ಎರಡು ಯಂತ್ರಗಳ ಮೇಲಿಟ್ಟು, ಇಲ್ಲಿ ಆ ಭಾಗ ಮುಗಿಯುತ್ತಿದ್ದಂತೆ ಅಲ್ಲಿ ಶುರುಮಾಡಿ, ಆತ ಆ ಸೆಕೆಂಡುಗಳನ್ನು ನಿಮಿಷಗಳಾಗಿ ಹಿಗ್ಗಿಸಿದ. ಆ ಬಿಡುವಿನಲ್ಲಿ ಕುಣಿದವರ ಕುಣಿತವೇ ಬ್ರೇಕಿಂಗ್ ಆಗಿ 2024ರ ಪ್ಯಾರಿಸ್ ಒಲಿಂಪಿಕ್ಸ್ ತನಕ ಹೋಯಿತು. ಅಲ್ಲಿ ಹಾಡು ಆರಿಸುವ ಹಕ್ಕು ಸ್ಪರ್ಧಿಗೆ ಇರಲಿಲ್ಲ. ಡಿಜೆ ಹಾಕಿದ್ದಕ್ಕೆ, ಮೊದಲೇ ಗೊತ್ತಿಲ್ಲದ ಬಡಿತಕ್ಕೆ, ಆ ಕ್ಷಣದಲ್ಲೇ ಮೈಕೊಡಬೇಕಿತ್ತು.

ನಮ್ಮ ಡಿಜೆಗಳೂ ಸಿನಿಮಾ ಹಾಡಿನ ಕೆಳಗೆ ತಮಟೆ ಏಟನ್ನು ಹೊಲಿದು ‘ತಮಟೆ ಮಿಕ್ಸ್’ ಮಾಡುತ್ತಾರೆ. ಎಲ್ಲ ಹಾಡೂ ಅದಕ್ಕೆ ಒಗ್ಗುವುದಿಲ್ಲ. ನಾಲ್ಕರ ಎಣಿಕೆಯ ಹಾಡಿಗೆ ಆರರ ಏಟನ್ನು ಬಲವಂತವಾಗಿ ಹೊಂದಿಸಿದರೆ ಮಾತು ಒಂದು ಕಡೆ, ಕಾಲು ಒಂದು ಕಡೆ. 2018ರ ‘ಟಗರು’ ಚಿತ್ರದ ಶೀರ್ಷಿಕೆ ಗೀತೆ, ಚರಣ್ ರಾಜ್ ಸಂಗೀತಕ್ಕೆ ಆಂಥೋನಿ ದಾಸನ್ ಹಾಡಿದ್ದು, ಬೀದಿಯಲ್ಲಿ ಇಷ್ಟು ವರ್ಷ ಉಳಿದಿರುವುದಕ್ಕೆ ನಾಯಕನಟನ ಹೆಸರೊಂದೇ ಕಾರಣವಲ್ಲ. ಆ ಗಂಟಲೇ ಬೀದಿಯದ್ದು, ಮಾತುಗಳೇ ಪೆಟ್ಟಿನಂತೆ ಬೀಳುತ್ತವೆ. ಹಾಡು ಆರಿಸುವವರಿಗೆ ನನ್ನದೊಂದು ಪರೀಕ್ಷೆ ಇದೆ. ಸ್ಪೀಕರು ಮುಟ್ಟಬೇಡಿ, ಮೊಬೈಲಿನಲ್ಲಿ ಸಣ್ಣದಾಗಿ ಹಾಕಿ. ಆಗಲೂ ಹಿಮ್ಮಡಿ ಎದ್ದರೆ ಹಾಡು ಗಟ್ಟಿ. ಸದ್ದು ತೆಗೆದ ಮೇಲೆ ಸತ್ತುಹೋದರೆ ಅದರಲ್ಲಿ ಇದ್ದದ್ದು ಸದ್ದು ಮಾತ್ರ.

ಇಡೀ ಸಂಜೆಗೆ ಹಾಡುಗಳನ್ನು ಜೋಡಿಸುವಾಗ ದಣಿವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹೆಜ್ಜೆಗೆ ಹೊಂದುವ ಸಂಗೀತ ದಣಿವನ್ನು ಮರೆಸುತ್ತದೆ ಎಂಬುದು ಕ್ರೀಡಾಲೋಕಕ್ಕೆ ಗೊತ್ತು. ಇಥಿಯೋಪಿಯಾದ ಹೈಲೆ ಗೆಬ್ರೆಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನ ಒಳಾಂಗಣದಲ್ಲಿ 2000 ಮೀಟರ್ ವಿಶ್ವದಾಖಲೆ ಮಾಡಿದಾಗ ಮೈದಾನದಲ್ಲಿ ‘ಸ್ಕ್ಯಾಟ್‌ಮನ್’ ಹಾಡು ಹಾಕಿಸಿಕೊಂಡೇ ಓಡಿದ್ದರು. ಆದರೆ ಮರೆವಿಗೂ ಮಿತಿ ಇದೆ. ಉಸಿರು ಕಟ್ಟುವಷ್ಟು ಶ್ರಮವಾದಾಗ ಗಮನವೆಲ್ಲ ಎದೆಬಡಿತಕ್ಕೆ, ಉಸಿರಿಗೆ ಹೋಗಿ ಸಂಗೀತ ಕೇಳಿಸಿದರೂ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಒಂದೇ ಹೆಜ್ಜೆ ಹಾಕುವುದು ಬೇರೆಯದೇ ಬಲ ಕೊಡುತ್ತದೆ. 2015ರಲ್ಲಿ ಬ್ರಾನ್ವಿನ್ ಟಾರ್, ರಾಬಿನ್ ಡನ್ಬಾರ್ ಮತ್ತಿತರರು ಬ್ರೆಜಿಲ್‌ನ ಹೈಸ್ಕೂಲು ಮಕ್ಕಳನ್ನು ಕುಣಿಸಿ, ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿಯುತ್ತ ಹೋಗಿ ನೋವು ಎಷ್ಟು ತಡೆಯುತ್ತಾರೆಂದು ಅಳೆದರು. ಒಟ್ಟಿಗೆ ಒಂದೇ ಹೆಜ್ಜೆ ಹಾಕಿದವರು ಹೆಚ್ಚು ತಡೆದುಕೊಂಡರು, ಜೋರಾಗಿ ಕುಣಿದವರೂ ಹೆಚ್ಚು ತಡೆದುಕೊಂಡರು. ಎರಡೂ ಸೇರಿದರೆ ಇನ್ನೂ ಹೆಚ್ಚು. ಮಾರನೆಯ ದಿನ ಕಾಲು ಹಿಡಿದು ಕೂರುವವರಿಗೆ ಮೆರವಣಿಗೆಯ ರಾತ್ರಿ ಅದು ಏಕೆ ತಿಳಿಯಲಿಲ್ಲ ಎಂಬುದಕ್ಕೆ ಉತ್ತರದ ಒಂದು ಭಾಗ ಇಲ್ಲಿದೆ. ಅನುಭವಸ್ಥ ತಮಟೆ ತಂಡ ಇದಕ್ಕೆ ಸರಿಯಾಗಿ ಸಂಜೆಯನ್ನು ಏರಿಳಿಸುತ್ತದೆ: ಬೀದಿಯ ತಿರುವಿನಲ್ಲಿ ಹತ್ತು ನಿಮಿಷ ಜೋರು, ಮುಂದಿನ ಕಂಬದವರೆಗೆ ಬರಿಯ ನಡಿಗೆಯ ಏಟು, ಮತ್ತೆ ಜೋರು.

ಕಿವಿಗೆ ಈ ಬಿಡುವು ಸಾಲದು. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಿಕೊಳ್ಳಬಹುದು, ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ ಎಂಬುದು ಕಾರ್ಮಿಕರ ಆರೋಗ್ಯಕ್ಕಾಗಿ ಮಾಡಿದ ಲೆಕ್ಕ. 100 ಡೆಸಿಬೆಲ್ಲಿಗೆ ಬರುವಷ್ಟರಲ್ಲಿ 15 ನಿಮಿಷ ಉಳಿಯುತ್ತದೆ. ನಮ್ಮಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ ಹಾಕಿ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬೇಡವೆನ್ನುತ್ತವೆ. ನಿಯಮ ಕಾಯುವುದು ಅಕ್ಕಪಕ್ಕದ ಮನೆಯವರ ನಿದ್ದೆಯನ್ನು. ಸದ್ದಿನ ಪಕ್ಕದಲ್ಲೇ ಗಂಟೆಗಟ್ಟಲೆ ಇರುವವರು ತಮಟೆ ಬಾರಿಸುವವರು, ಡಿಜೆ ಗಾಡಿಯ ಹುಡುಗರು. ಅವರಲ್ಲಿ ಕೆಲವರು ಹತ್ತಿ ತುರುಕಿಕೊಳ್ಳುತ್ತಾರೆ. ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ವಾಸಿ. ಅದು ಕಿವಿಗೆ ಹೆಚ್ಚು ಹಾನಿ ಮಾಡುವ ಎತ್ತರದ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ತಗ್ಗಿನದನ್ನು ಅಷ್ಟಾಗಿ ತಡೆಯುವುದಿಲ್ಲ. ಎದೆಯಿಂದ, ಅಂಗಾಲಿನಿಂದ ಬರುವುದನ್ನಂತೂ ತಡೆಯುವುದೇ ಇಲ್ಲ. ಹಾಕಿಕೊಂಡರೆ ಹಾಡಿನ ಮಾತು ಮಸುಕಾದೀತು. ಏಟು ಕಾಲಿಗೆ ಸಿಗುತ್ತದೆ.